ನಾನು ಲ್ಯಾಮಿನೇಟ್ ಮಾಡಿದ ಎರಡು ಡಿಗ್ರಿಗಳು

ಕಾಗದವನ್ನು ಮಳೆಗಾಲದಿಂದ ಕಾಪಾಡುವುದರಲ್ಲಿ ನನ್ನಷ್ಟು ಚುರುಕಾದವನು ಮೂಡಿಗೆರೆಯಲ್ಲಿ ಇನ್ನೊಬ್ಬನಿಲ್ಲ ಅಂತ ನಾನು ಐದು ವರ್ಷ ನಂಬಿಕೊಂಡಿದ್ದೆ. ಬಸ್ ಸ್ಟ್ಯಾಂಡಿನಿಂದ ತಾಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ನಾನು ಕೆಲಸ ಮಾಡುವ ಅಂಗಡಿ ಇದೆ. ಜೆರಾಕ್ಸ್, ಟೈಪಿಂಗ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಆನ್‌ಲೈನ್ ಅರ್ಜಿ, ಎಲ್ಲಕ್ಕಿಂತ ಹೆಚ್ಚಾಗಿ ಲ್ಯಾಮಿನೇಷನ್. ಬಯಲುಸೀಮೆಯವರಿಗೆ ಇದು ಅರ್ಥವಾಗುವುದು ಸ್ವಲ್ಪ ಕಷ್ಟ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಬೀರುವಿನಲ್ಲಿಟ್ಟ ಕಾಗದವನ್ನು ಸೆಪ್ಟೆಂಬರಿನಲ್ಲಿ ತೆಗೆದರೆ ಬೂಷ್ಟು ಹಿಡಿದು ಹಸಿರಾಗಿರುತ್ತದೆ. ಮದುವೆ ಫೋಟೊದಲ್ಲಿ ಮದುಮಗನ ಮುಖವೇ ಇರುವುದಿಲ್ಲ. ಹಾಗಾಗಿ ಇಲ್ಲಿಯ ಜನ ಕೈಗೆ ಸಿಕ್ಕಿದ್ದನ್ನೆಲ್ಲ ಲ್ಯಾಮಿನೇಟ್ ಮಾಡಿಸುತ್ತಾರೆ. ರೇಷನ್ ಕಾರ್ಡು, ಜಾತಕ, ಪಹಣಿ, ಮಗುವಿನ ಲಸಿಕೆ ಚೀಟಿ, ಸತ್ತವರ ಮರಣ ಪತ್ರ. ಒಂದು ಸಲ ತೋಟದ ಲೆಕ್ಕ ಬರೆಯುವ ರೈಟರೊಬ್ಬರು ರೋಗ ಬಿದ್ದ ಕಾಫಿ ಎಲೆಯನ್ನೇ ತಂದಿದ್ದರು, ಯಾರಿಗೋ ತೋರಿಸಬೇಕಂತೆ, ತೋರಿಸುವ ಹೊತ್ತಿಗೆ ಪುಡಿಯಾಗಬಾರದಂತೆ. ಅದನ್ನೂ ಮಾಡಿಕೊಟ್ಟೆ.

ಸರ್ಟಿಫಿಕೇಟ್ ತಂದವರಿಗೆ ನಾನೇ ಮೊದಲು ಹೇಳುತ್ತಿದ್ದೆ, ‘ಬರೀ ಜೆರಾಕ್ಸ್ ಮಾಡಿಸಿ ಹೋದ್ರೆ ಎಂತ ಬಂತು, ಒರಿಜಿನಲ್ ಲ್ಯಾಮಿನೇಷನ್ ಮಾಡ್ಸಿ, ಜೀವಮಾನ ಇರುತ್ತೆ’ ಅಂತ. ಅವರು ಹೌದೆನ್ನುತ್ತಿದ್ದರು. ನನ್ನ ಬಿ.ಎ. ಡಿಗ್ರಿ ಸರ್ಟಿಫಿಕೇಟ್ ಅಂಚೆಯಲ್ಲಿ ಬಂದ ದಿನ ಅಂಗಡಿಯಲ್ಲಿದ್ದ ಅತಿ ದಪ್ಪದ ಪ್ಲಾಸ್ಟಿಕ್ ಪೌಚ್ ಒಡೆದೆ. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ, ನಾಲ್ಕೂ ಮೂಲೆಯನ್ನು ದುಂಡಗೆ ಕತ್ತರಿಸಿದೆ. ಬಿಸಿ ಆರುವ ತನಕ ದಪ್ಪ ಪುಸ್ತಕದ ಅಡಿ ಇಟ್ಟು, ಆಮೇಲೆ ಬೆಳಕಿಗೆ ಹಿಡಿದು ನೋಡಿದೆ. ಮೇಜಿನ ಅಂಚಿಗೆ ಬಡಿದರೆ ಟಕ್ ಅನ್ನುತ್ತಿತ್ತು.

ಇಂಗ್ಲಿಷ್ ಮಾತ್ರ ನನಗೆ ಕಾಲೇಜಿನಿಂದ ಬಂದದ್ದಲ್ಲ. ಡಿಗ್ರಿಯಲ್ಲಿ ಇಂಗ್ಲಿಷ್ ಪೇಪರಿನಲ್ಲಿ ಪಾಸಾದದ್ದೇ ದೊಡ್ಡದು. ಜೆರಾಕ್ಸ್ ಮೆಷಿನ್ ಓಡುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಫೋನಿನಲ್ಲಿ ಯಾರಾರೋ ಮಾತಾಡುವುದನ್ನು ಕೇಳಿ, ಅವರ ಹಿಂದೆಯೇ ಬಾಯಿ ಆಡಿಸುತ್ತಿದ್ದೆ. ಮೆಷಿನ್ನಿನ ಸದ್ದಿನಲ್ಲಿ ನನ್ನ ಮಾತು ಯಾರಿಗೂ ಕೇಳುತ್ತಿರಲಿಲ್ಲ, ಅದೇ ಅನುಕೂಲ. ದಾರಿ ತಪ್ಪಿ ಬಂದ ಟೂರಿಸ್ಟ್‌ಗಳನ್ನು ನಾನು ಬೇಗ ಬಿಡುತ್ತಿರಲಿಲ್ಲ. ಬೇರೆಯವರ ಬಯೋಡೇಟಾ ಟೈಪ್ ಮಾಡುವಾಗ ಅವರು ಬರೆದುಕೊಟ್ಟದ್ದಕ್ಕಿಂತ ಎರಡು ಸಾಲು ಜಾಸ್ತಿ, ಚೆಂದದ ಇಂಗ್ಲಿಷಿನಲ್ಲಿ, ಸೇರಿಸಿಬಿಡುತ್ತಿದ್ದೆ. ಅಂಗಡಿಯ ಯಜಮಾನರನ್ನು ನಾವೆಲ್ಲ ಭಾಯ್ ಅನ್ನುತ್ತೇವೆ. ಐವತ್ತು ದಾಟಿದವರು. ಪಕ್ಕದ ಜೀಪ್ ಗ್ಯಾರೇಜ್ ಅವರ ತಮ್ಮನದು. ಗಿರಾಕಿಗಳ ಮುಂದೆಯೇ ಅವರು ನನ್ನನ್ನು ಆಡಿಕೊಳ್ಳುತ್ತಿದ್ದರು.

‘ಇವ್ನು ಮೆಷಿನ್ ಹತ್ರ ಇಂಗ್ಲಿಷ್ ಮಾತಾಡಿ ಮಾತಾಡಿ ಈಗ ಅದಕ್ಕೆ ಕನ್ನಡ ಅಕ್ಷರನೇ ಮೂಡಲ್ಲ ನೋಡಿ. ಎಲ್ಲ ಬೆಳ್ಳಗೆ ಬರುತ್ತೆ.’

‘ಟೋನರ್ ಖಾಲಿ ಆಗಿದೆ ಭಾಯ್.’

‘ಅದನ್ನೇ ಇಂಗ್ಲಿಷಲ್ಲಿ ಹೇಳು, ಕೇಳೋಣ.’

ನಾನು ಹೇಳುತ್ತಿದ್ದೆ. ನಾಚಿಕೆ ಅಂತ ಇರಲಿಲ್ಲ.

ಅವಳು ಅಂಗಡಿಗೆ ಬರಲು ಶುರು ಮಾಡಿದ್ದು ಎರಡು ವರ್ಷದ ಹಿಂದೆ. ಬಾಳೂರು ಕಡೆಯವಳು. ಅಪ್ಪ ಒಂದು ಎಸ್ಟೇಟಿನಲ್ಲಿ ಮೇಸ್ತ್ರಿ, ಆಳುಗಳ ಮೇಲ್ವಿಚಾರಣೆ ಅವರದು. ಇವಳು ಮೂಡಿಗೆರೆಯಲ್ಲಿ ಒಂದು ನರ್ಸರಿ ಶಾಲೆಯಲ್ಲಿ ಪಾಠ ಮಾಡುತ್ತ, ಡಿಗ್ರಿಯ ಕೊನೆಯ ವರ್ಷವನ್ನೂ ಓದುತ್ತಿದ್ದಳು. ಮಕ್ಕಳ ವರ್ಕ್‌ಶೀಟ್ ಜೆರಾಕ್ಸ್ ಮಾಡಿಸಲು ದಿನಾ ಬರುತ್ತಿದ್ದಳು. ಒಂದು ದಿನ ನನ್ನ ಬಾಯಿ ಆಡುವುದನ್ನು ನೋಡಿ, ‘ಎಂತ ಮಾರಾಯ, ಮಂತ್ರ ಹೇಳ್ತಿದ್ದೀಯ?’ ಅಂತ ಕೇಳಿದಳು. ನಾನು ಒಂದು ಇಯರ್‌ಫೋನ್ ತೆಗೆದು ಅವಳಿಗೆ ಕೊಟ್ಟೆ. ಅಲ್ಲಿಂದ ಬಸ್ಸಿನ ಹೊತ್ತಿನವರೆಗೆ ಅಂಗಡಿಯ ಬೆಂಚಿನಲ್ಲಿ ದಿನಾ ಅರ್ಧ ಗಂಟೆ ನಮ್ಮ ಪಾಠ. ನಾನು ಮೇಷ್ಟ್ರು, ಅವಳು ವಿದ್ಯಾರ್ಥಿ.

ಒಂದು ವರ್ಷದಲ್ಲಿ ಅವಳು ನನ್ನನ್ನು ದಾಟಿ ಹೋದಳು. ಇದನ್ನು ಬರೆಯುವುದಕ್ಕೆ ನನಗೆ ಈಗಲೂ ಇಷ್ಟವಿಲ್ಲ. ನನಗೆ ಮಾತು ಬರುತ್ತಿತ್ತು, ಅವಳಿಗೆ ಮಾತು ಕಲಿಸುವುದು ಬರುತ್ತಿತ್ತು. ಒಂದು ಟೊಮೇಟೊ, ಒಂದು ಬಕೆಟ್, ಒಂದು ಹಳೆಯ ಟೋಪಿ ಇಟ್ಟುಕೊಂಡು ನಾಲ್ಕು ವರ್ಷದ ಮಕ್ಕಳಿಂದ ಇಂಗ್ಲಿಷ್ ಮಾತಾಡಿಸುತ್ತಿದ್ದಳು. ಆ ವಿಡಿಯೊ ತೋರಿಸಿದಾಗ ನಾನು, ‘ಪರವಾಗಿಲ್ಲ, ಉಚ್ಚಾರ ಸ್ವಲ್ಪ ತಿದ್ಕೊಬೇಕು’ ಅಂದೆ. ತಿದ್ದಿಕೊಳ್ಳುವಂಥದ್ದು ಏನೂ ಇರಲಿಲ್ಲ.

ವಿಯೆಟ್ನಾಂನಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಕೆಲಸದ ಜಾಹೀರಾತನ್ನು ಹುಡುಕಿದವನು ನಾನು. ಯಾವುದಾದರೂ ಒಂದು ಡಿಗ್ರಿ, ಆನ್‌ಲೈನಿನಲ್ಲಿ ಮಾಡಬಹುದಾದ ಒಂದು ಬೋಧನಾ ಕೋರ್ಸು, ಒಂದು ಸಂದರ್ಶನ, ಇಷ್ಟೇ ಬೇಕಾದದ್ದು. ಇಬ್ಬರೂ ಕೋರ್ಸು ಮುಗಿಸಿದೆವು. ಇಬ್ಬರೂ ಅರ್ಜಿ ಹಾಕಿದೆವು. ಸಂದರ್ಶನ ಅಂಗಡಿಯ ಕಂಪ್ಯೂಟರಿನಲ್ಲೇ ಆಯಿತು. ಭಾಯ್ ಪಾಪ ಶಟರ್ ಅರ್ಧ ಎಳೆದು ಹೊರಗೆ ಕುರ್ಚಿ ಹಾಕಿಕೊಂಡು ಗಿರಾಕಿಗಳನ್ನು ತಡೆದಿದ್ದರು. ‘ಒಳಗೆ ಫಾರಿನ್ ಮಾತುಕತೆ ನಡೀತಿದೆ, ಹತ್ತು ನಿಮಿಷ ನಿಲ್ರಪ್ಪ’ ಅನ್ನುವುದು ಒಳಗೆ ನಮಗೂ, ಬಹುಶಃ ವಿಯೆಟ್ನಾಂನವರಿಗೂ ಕೇಳಿಸಿತು.

ನಮ್ಮ ಜೊತೆ ವ್ಯವಹರಿಸುತ್ತಿದ್ದ ಅಲ್ಲಿಯ ಮೇಡಂ ಒಬ್ಬರು ಎರಡು ದಿನ ಬಿಟ್ಟು ಇಬ್ಬರಿಗೂ ಒಂದೇ ಮೆಸೇಜು ಕಳಿಸಿದರು. ಇಬ್ಬರೂ ನಮಗೆ ಒಪ್ಪಿಗೆಯಾಗಿದ್ದೀರಿ. ಆದರೆ ಈ ಸಲ ಜಾಗ ಒಂದೇ. ಡಿಗ್ರಿ ನಿಜವಾದದ್ದು ಅಂತ ಸರ್ಕಾರದ ಸೀಲು ಹಾಕಿಸಿ, ಈ ತಿಂಗಳ ಕೊನೆಯೊಳಗೆ ಯಾರು ಮೊದಲು ಕಳಿಸುತ್ತಾರೋ ಅವರಿಗೆ.

ಅವಳು ಅದನ್ನು ಓದಿ ನಕ್ಕಳು. ‘ಎಂತ ಮಾರಾಯ ಇದು, ಓಟದ ಸ್ಪರ್ಧೆ ಥರ. ನನ್ನ ಸರ್ಟಿಫಿಕೇಟ್ ಯೂನಿವರ್ಸಿಟಿಯಿಂದ ಇನ್ನೊಂದು ವಾರದಲ್ಲಿ ಬರುತ್ತೆ. ಇಬ್ರೂ ಒಟ್ಟಿಗೇ ಹೋಗಿ ಕೊಡೋಣ. ಯಾರದ್ದು ಮೊದ್ಲು ಆಗುತ್ತೋ ಆಗ್ಲಿ.’

‘ಆಯ್ತು ಮಾರಾಯ್ತಿ, ಒಟ್ಟಿಗೇ ಹೋಗೋಣ’ ಅಂದೆ.

ಮೂರನೆಯ ದಿನ, ಟೋನರ್ ತರಲು ಚಿಕ್ಕಮಗಳೂರಿಗೆ ಹೋಗುತ್ತೇನೆ ಅಂತ ಅವಳಿಗೆ ಹೇಳಿ, ಜ್ವರ ಅಂತ ಭಾಯ್‌ಗೆ ಹೇಳಿ, ಬೆಳಗಿನ ಜಾವದ ಬೆಂಗಳೂರು ಬಸ್ಸು ಹತ್ತಿದೆ.

ದೃಢೀಕರಣದ ಕಚೇರಿಯಲ್ಲಿ ನನ್ನ ಸರದಿ ಬಂದಾಗ ಹನ್ನೊಂದೂವರೆ. ಕೌಂಟರಿನ ಗುಮಾಸ್ತರು ನನ್ನ ಡಿಗ್ರಿಯನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಉಗುರಿನಿಂದ ಟಕ್ ಟಕ್ ಅಂತ ಬಡಿದರು. ಆಮೇಲೆ ಪಕ್ಕದ ಕುರ್ಚಿಯವರಿಗೆ ತೋರಿಸಿದರು.

‘ನೋಡ್ರೀ, ಎಂಥ ಫಿನಿಶಿಂಗು. ಮೂಲೆ ಎಲ್ಲ ರೌಂಡ್ ಮಾಡಿದಾರೆ.’

ಒಂದು ಕ್ಷಣ ನನಗೆ ಖುಷಿಯೇ ಆಯಿತು.

‘ಯಾರಪ್ಪ ಇದನ್ನ ಮಾಡಿದ್ದು?’

‘ಅಂಗಡಿಯವ್ರು ಸಾರ್. ಮೂಡಿಗೆರೇಲಿ.’

‘ಅವನನ್ನ ಇಲ್ಲಿಗೆ ಕರ್ಕೊಂಡು ಬಾ. ಸೀಲು ಅವನ ಹಣೆ ಮೇಲೆ ಹೊಡೀತೀನಿ.’ ಸಾಲಿನಲ್ಲಿದ್ದವರು ನಕ್ಕರು. ಅವರು ಡಿಗ್ರಿಯನ್ನು ನನ್ನ ಕಡೆ ತಳ್ಳಿದರು. ‘ಒರಿಜಿನಲ್ ಹಿಂದುಗಡೆ ಸೀಲ್ ಬೀಳಬೇಕಪ್ಪ. ಇಂಕು ಕಾಗದ ಕುಡೀಬೇಕು. ಪ್ಲಾಸ್ಟಿಕ್ ಮೇಲೆ ಹೊಡೆದ್ರೆ ನಾಳೆ ಬೆರಳಲ್ಲಿ ಒರೆಸಿದ್ರೆ ಹೋಗುತ್ತೆ. ಲ್ಯಾಮಿನೇಷನ್ ಮಾಡಿರೋದನ್ನ ಇಲ್ಲೂ ತಗೊಳಲ್ಲ, ದಿಲ್ಲೀಲೂ ತಗೊಳಲ್ಲ, ಅವ್ರ ಎಂಬಸೀಲೂ ತಗೊಳಲ್ಲ.’

‘ಬಿಡಿಸ್ಕೊಂಡು ಬಂದ್ರೆ ಸಾರ್?’

‘ಹರಿಯದೆ ಬಿಡಿಸಿದ್ರೆ ತಗೊಂಡು ಬಾ. ನಾನಂತೂ ಇದುವರೆಗೆ ನೋಡಿಲ್ಲ. ಇಲ್ಲಾಂದ್ರೆ ಯೂನಿವರ್ಸಿಟಿಗೆ ಅಫಿಡವಿಟ್ ಕೊಟ್ಟು ಡೂಪ್ಲಿಕೇಟ್ ತಗೊ. ನಾಲ್ಕೈದು ತಿಂಗಳಾಗುತ್ತೆ.’ ಒಂದು ಚೀಟಿಯಲ್ಲಿ ಏನೇನು ಬೇಕೆಂದು ಬರೆದೂ ಕೊಟ್ಟರು. ಒಳ್ಳೆಯವರು. ‘ನೆಕ್ಸ್ಟ್’ ಅಂದರು.

ವಾಪಸ್ ಬರುವ ಬಸ್ಸಿನಲ್ಲಿ ನಾನು ನನ್ನ ಡಿಗ್ರಿಯ ಬಗ್ಗೆ ಯೋಚಿಸಲಿಲ್ಲ. ಐದು ವರ್ಷದಲ್ಲಿ ನನ್ನ ಕೈಯಿಂದ ಹಾದು ಹೋದವರ ಬಗ್ಗೆ ಯೋಚಿಸಿದೆ. ಗಲ್ಫಿಗೆ ಹೋಗಬೇಕು ಅನ್ನುತ್ತಿದ್ದ ನರ್ಸಿಂಗ್ ಹುಡುಗಿಯರು, ಪಾಲಿಟೆಕ್ನಿಕ್ ಮುಗಿಸಿದ ಗ್ಯಾರೇಜಿನ ಹುಡುಗರು. ಅವರಿಗೆಲ್ಲ ನಾನೇ ಒತ್ತಾಯ ಮಾಡಿ ಮಾಡಿಸಿದ್ದು. ಅವರಲ್ಲಿ ಎಷ್ಟು ಜನ ಇದೇ ಕೌಂಟರಿನಿಂದ ವಾಪಸ್ ಬಂದು ನನಗೆ ಹೇಳದೆ ಸುಮ್ಮನಾದರೋ. ಕಡೂರು ದಾಟುವ ಹೊತ್ತಿಗೆ ಆ ಯೋಚನೆಯೂ ಹೋಗಿ, ಅವಳ ಡಿಗ್ರಿ ಇನ್ನೂ ಬಂದಿಲ್ಲ, ಬಂದಾಗ ಅದು ಬರೀ ಕಾಗದವಾಗಿರುತ್ತದೆ ಅನ್ನುವುದೊಂದೇ ತಲೆಯಲ್ಲಿ ಉಳಿಯಿತು.

ಭಾನುವಾರ ಮನೆಯವರೆಲ್ಲ ಮದುವೆಗೆ ಹೋಗಿದ್ದಾಗ ಇಸ್ತ್ರಿ ಪೆಟ್ಟಿಗೆ ಕಾಯಿಸಿದೆ. ಮೊದಲು ಒಂದು ಹಳೆಯ ಜೆರಾಕ್ಸ್ ಲ್ಯಾಮಿನೇಟ್ ಮಾಡಿದ್ದನ್ನು ಬಿಡಿಸಿ ನೋಡಿದೆ, ಪರವಾಗಿಲ್ಲ, ಬಂತು. ಧೈರ್ಯ ಬಂದು ಡಿಗ್ರಿಯ ಮೇಲೆ ಬಟ್ಟೆ ಹಾಸಿ ಒತ್ತಿ, ಮೂಲೆಯಿಂದ ಮೆಲ್ಲನೆ ಎತ್ತಿದೆ. ಒಳ್ಳೆಯ ಲ್ಯಾಮಿನೇಷನ್ ಅಂದರೆ ಅಂಟು ಕಾಗದದ ಒಳಗೆ ಇಳಿದಿರುತ್ತದೆ. ನಾನು ಒಳ್ಳೆಯ ಲ್ಯಾಮಿನೇಷನ್ ಮಾಡಿದ್ದೆ. ಪ್ಲಾಸ್ಟಿಕ್ ಎದ್ದು ಬರುವಾಗ ಕಾಗದದ ಮೇಲ್ಪದರವೂ ಅದರ ಜೊತೆ ಬಂತು. ಚಿನ್ನದ ಬಣ್ಣದ ಲಾಂಛನ ಪ್ಲಾಸ್ಟಿಕ್ಕಿಗೆ ಹೋಯಿತು. ನನ್ನ ಹೆಸರು ಅರ್ಧ ಅಲ್ಲಿ, ಅರ್ಧ ಇಲ್ಲಿ.

ವಿಯೆಟ್ನಾಂ ಮೇಡಂಗೆ ಮೆಸೇಜು ಹಾಕಿದೆ, ನನಗೆ ಐದು ತಿಂಗಳು ಬೇಕಾಗಬಹುದು ಅಂತ. ಅವರು ಸಭ್ಯವಾಗಿಯೇ ಉತ್ತರ ಕೊಟ್ಟರು. ಹಾಗಾದರೆ ಜಾಗ ನಿಮ್ಮ ಊರಿನ ಇನ್ನೊಬ್ಬ ಅಭ್ಯರ್ಥಿಗೆ ಹೋಗುತ್ತದೆ. ಅವರಿಂದಲೂ ಆಗದಿದ್ದರೆ ನೋಡೋಣ.

ಆ ಕೊನೆಯ ಸಾಲನ್ನು ನಾನು ಎಷ್ಟು ಸಲ ಓದಿದೆನೋ.

ಅವಳು ಬಂದದ್ದು ಶುಕ್ರವಾರ. ಭಾಯ್ ಜುಮ್ಮಾ ನಮಾಜಿಗೆ ಹೋಗಿದ್ದರು, ಅಂಗಡಿಯಲ್ಲಿ ನಾನೊಬ್ಬನೇ. ಹೊರಗೆ ಮಳೆ ಜೋರಾಗಿತ್ತು. ಕೊಡೆ ಬಾಗಿಲಲ್ಲಿ ಬಿಟ್ಟು, ವೇಲಿನೊಳಗೆ ಸುತ್ತಿಕೊಂಡು ತಂದಿದ್ದ ಅಂಚೆ ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಕೈ ಒರೆಸಿಕೊಂಡೇ ತೆಗೆದಳು. ಹೊಸ ಡಿಗ್ರಿ. ಗರಿಗರಿ ಕಾಗದ, ಲಾಂಛನ ಮಿರಿಮಿರಿ ಮಿಂಚುತ್ತಿತ್ತು.

‘ನೋಡು ಮಾರಾಯ, ಅಪ್ಪ ಇದನ್ನ ಮುಟ್ಟೋಕೇ ಹೆದರ್ತಾರೆ. ಕೈ ತೊಳ್ಕೊಂಡು ಬಂದು ದೂರದಿಂದ ನೋಡಿದ್ರು.’

‘ಫಸ್ಟ್ ಕ್ಲಾಸಾ?’

‘ಹೂಂ. ನಾಲ್ಕು ಜೆರಾಕ್ಸ್ ಕೊಡು. ಆಮೇಲೆ ಲ್ಯಾಮಿನೇಷನ್ ಮಾಡ್ಕೊಡು. ಸೋಮವಾರ ಹೋಗೋಣ ಅಲ್ವಾ ಬೆಂಗಳೂರಿಗೆ? ಈ ಮಳೇಲಿ ಹೀಗೇ ಹಿಡ್ಕೊಂಡು ಹೋದ್ರೆ ಮುದ್ದೆ ಆಗುತ್ತೆ.’

ಇಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು. ಬೇಡ. ಅಷ್ಟೇ. ಕಾರಣವನ್ನೂ ಹೇಳಬೇಕಾಗಿರಲಿಲ್ಲ, ಪೌಚ್ ಖಾಲಿ, ಕರೆಂಟಿಲ್ಲ, ಏನು ಬೇಕಾದರೂ ಆಗುತ್ತಿತ್ತು. ನಾನು ಸ್ವಿಚ್ ಹಾಕಿದೆ.

ಮೆಷಿನ್ ಬಿಸಿಯಾಗಲು ನಾಲ್ಕೈದು ನಿಮಿಷ ಬೇಕು. ಅಲ್ಲಿಯ ತನಕ ಕೆಂಪು ದೀಪ, ಆಮೇಲೆ ಹಸಿರು. ಆ ನಾಲ್ಕೈದು ನಿಮಿಷ ಅವಳು ಮಾತಾಡುತ್ತಲೇ ಇದ್ದಳು.

‘ನಂಗೆ ಸಿಕ್ಕಿದ್ರೆ ಅಲ್ಲಿ ಹೋದ ಕೂಡ್ಲೇ ನಿನ್ನ ಬಗ್ಗೆ ಹೇಳ್ತೀನಿ. ನಿಂಗೆ ಸಿಕ್ಕಿದ್ರೆ ನೀನು ಹೇಳ್ಬೇಕು, ಮರೀಬಾರ್ದು.’

‘ಮರೆಯೋದೆಂತ.’

‘ನಂಗೆ ಕಲಿಸಿದ್ದು ನೀನು ಅಂತ ನಮ್ಮ ಮನೇಲಿ ಎಲ್ರಿಗೂ ಗೊತ್ತು. ಅಮ್ಮ ನಿಂಗೆ ಅಂತ ಕಿತ್ತಳೆ ಕಳ್ಸಿದಾರೆ, ಬ್ಯಾಗಲ್ಲಿದೆ. ಮೊದ್ಲು ಇದು ಆಗ್ಲಿ, ಕೈ ಅಂಟಾದ್ರೆ ಕಷ್ಟ.’

ದೀಪ ಹಸಿರಾಯಿತು. ನಾನು ಕೇಳಿದೆ, ‘ದಪ್ಪ ಪೌಚ್ ಹಾಕ್ಲಾ?’

ಅದನ್ನು ಯಾಕೆ ಕೇಳಿದೆ ಅಂತ ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ತೆಳುವಾದದ್ದನ್ನು ಹಾಕಿದ್ದರೂ ಅಷ್ಟೇ ಕೆಟ್ಟದ್ದು. ಬಿಡಿಸಲು ಹೋದರೂ ಬರಬಾರದು ಅನ್ನುವಷ್ಟು ದೂರ ನನ್ನ ತಲೆ ಓಡಿತ್ತು ಅಂತಲೇ ಒಪ್ಪಿಕೊಳ್ಳಬೇಕು.

‘ಹಾಕು. ನಿಂದಕ್ಕೂ ಅದೇ ಅಲ್ವಾ ಹಾಕಿದ್ದು’ ಅಂದಳು.

ಕಾಗದವನ್ನು ಪೌಚಿನೊಳಗೆ ನೇರವಾಗಿ ಕೂರಿಸಿ, ನಾಲ್ಕೂ ಕಡೆ ಸಮ ಅಂಚು ಬಿಟ್ಟು, ಮೆಷಿನ್ನಿನ ಬಾಯಿಗೆ ಕೊಟ್ಟೆ. ಅದು ತಾನಾಗಿ ಎಳೆದುಕೊಂಡಿತು. ಅವಳು ಆ ಕಡೆ ಹೋಗಿ ನಿಂತು ಅದು ಹೊರಗೆ ಬರುವುದನ್ನು ಎರಡೂ ಕೈಯಲ್ಲಿ ಹಿಡಿದಳು. ಮೂಲೆಗಳನ್ನು ದುಂಡಗೆ ಕತ್ತರಿಸಿ ಕೊಟ್ಟೆ. ಕಿತ್ತಳೆಯನ್ನು ಆಮೇಲೆ ತಿಂದೆ. ಕಾಫಿ ತೋಟದೊಳಗೆ ಬೆಳೆದ ಕಿತ್ತಳೆ, ಸಣ್ಣದು, ಚೆನ್ನಾಗಿತ್ತು.

ಸೋಮವಾರ ಬೆಳಗಿನ ಜಾವ ನನಗೆ ಹೊಟ್ಟೆ ಸರಿಯಿಲ್ಲ ಅಂತ ಮೆಸೇಜು ಮಾಡಿದೆ. ನೀನು ಹೋಗು, ನಾನು ಮುಂದಿನ ವಾರ ಹೋಗುತ್ತೇನೆ ಅಂತ. ಅವಳು ಒಬ್ಬಳೇ ಹೋದಳು.

ಮಧ್ಯಾಹ್ನ ಫೋನು ಬಂತು. ಹಿಂದೆ ಜನರ ಗದ್ದಲ, ಕೌಂಟರಿನ ಹತ್ತಿರದಿಂದಲೇ ಮಾಡಿದ್ದಳು. ಅತ್ತಿದ್ದಾಳೆ ಅನ್ನುವುದು ದನಿಯಲ್ಲಿ ಗೊತ್ತಾಗುತ್ತಿತ್ತು. ಆದರೂ ಅವಳು ಮೊದಲು ಹೇಳಿದ್ದು ತನ್ನ ಸುದ್ದಿಯಲ್ಲ.

‘ಕೇಳು, ನೀನು ನಿನ್ನ ಸರ್ಟಿಫಿಕೇಟ್ ತಗೊಂಡು ಇಲ್ಲಿ ಬರ್ಬೇಡ. ಲ್ಯಾಮಿನೇಷನ್ ಆಗಿದ್ರೆ ತಗೊಳಲ್ಲಂತೆ. ನಂದು ವಾಪಸ್ ಕೊಟ್ರು. ನೀನು ಬಸ್ ಚಾರ್ಜ್ ದಂಡ ಮಾಡ್ಕೊಬೇಡ, ಈಗ್ಲೇ ಅದನ್ನ ಎಂತ ಮಾಡೋದು ನೋಡು. ನಿಂಗಾದ್ರೂ ಟೈಮ್ ಇದೆ.’

‘ಹೌದಾ’ ಅಂದೆ. ‘ಎಂತಾ ಮಾರಾಯ್ತಿ ಇದು’ ಅಂತಲೂ ಅಂದೆ.

ಆಗ ಗಾಜಿನ ಆಚೆಯಿಂದ ಗುಮಾಸ್ತರ ದನಿ ಕೇಳಿಸಿತು. ಅವಳಿಗೆ ಸಮಾಧಾನ ಹೇಳುತ್ತಿದ್ದರು. ‘ಅಳಬೇಡ ಕಣಮ್ಮ, ನಿಮ್ಮ ಮೂಡಿಗೆರೆಯೋನೇ ಒಬ್ಬ ಹತ್ತು ದಿನದ ಹಿಂದೆ ಬಂದಿದ್ದ, ಇದೇ ಥರ ದಪ್ಪ ಪ್ಲಾಸ್ಟಿಕ್ಕು, ಇದೇ ರೌಂಡ್ ಮೂಲೆ. ಕುತ್ತಿಗೆಗೆ ಇಯರ್‌ಫೋನ್ ನೇತಾಕ್ಕೊಂಡಿದ್ದ. ಎಲ್ಲ ಬರೆದುಕೊಟ್ಟು ಕಳಿಸಿದ್ದೆ. ನಿಮ್ಮೂರೋರು ಒಬ್ರಿಗೊಬ್ರು ಹೇಳ್ಕೊಳಲ್ವಾ?’

ನಾನು ಕಟ್ ಮಾಡಬಹುದಿತ್ತು. ಮಾಡಲಿಲ್ಲ.

‘ಅವತ್ತು ನೀನು ಟೋನರ್ ತರೋಕೆ ಚಿಕ್ಕಮಗಳೂರಿಗೆ ಹೋಗಿದ್ದು ಅಲ್ವಾ?’ ಅಂತ ಕೇಳಿದಳು.

‘ಹೌದು.’

‘ಸರಿ. ಇಡ್ತೀನಿ.’

ನಾಲ್ಕು ದಿನ ಅವಳು ಕಾಣಲಿಲ್ಲ. ವರ್ಕ್‌ಶೀಟ್ ಜೆರಾಕ್ಸ್ ಮಾಡಿಸಲು ಶಾಲೆಯ ಆಯಾ ಬಂದರು. ಐದನೆಯ ದಿನ, ಅಂಗಡಿ ತುಂಬ ಜನ ಇರುವ ಹೊತ್ತು ನೋಡಿಯೇ ಬಂದಳೇನೋ. ಪಹಣಿ ತೆಗೆಸಲು ಬಂದ ಬೆಳೆಗಾರರೊಬ್ಬರು ಬೆಂಚಿನಲ್ಲಿದ್ದರು, ಭಾಯ್ ತಮ್ಮ ಕುರ್ಚಿಯಲ್ಲಿದ್ದರು. ಅವಳು ಛಾಪಾ ಕಾಗದವೊಂದನ್ನು ನನ್ನ ಕೀಬೋರ್ಡಿನ ಪಕ್ಕ ಇಟ್ಟಳು.

‘ಅಫಿಡವಿಟ್ ಟೈಪ್ ಮಾಡ್ಬೇಕು. ಡೂಪ್ಲಿಕೇಟ್ ಡಿಗ್ರಿಗೆ. ಇಂಗ್ಲಿಷಲ್ಲಿ.’

ಭಾಯ್ ತಲೆ ಎತ್ತಿದರು. ‘ಎಂತಾಯ್ತಮ್ಮ ಡಿಗ್ರಿಗೆ? ಮೊನ್ನೆ ತಾನೆ ಬಂತು ಅಂತ ಇವ್ನು ಹೇಳ್ತಿದ್ದ.’

‘ಇವ್ನೇ ಟೈಪ್ ಮಾಡ್ತಾನಲ್ಲ ಭಾಯ್, ನೀವೂ ಕೇಳಿ.’

ಇಂಥ ಅಫಿಡವಿಟ್ಟಿನ ನಮೂನೆ ನಮ್ಮ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಹೆಸರು, ತಂದೆಯ ಹೆಸರು, ಊರು ತುಂಬಿದರೆ ಆಯಿತು. ಕಾರಣದ ಜಾಗದಲ್ಲಿ, ಗೊತ್ತಿಲ್ಲದೆ ಲ್ಯಾಮಿನೇಷನ್ ಮಾಡಿಸಿದ್ದರಿಂದ ದೃಢೀಕರಣ ಸಾಧ್ಯವಾಗಿಲ್ಲ ಅಂತ ನಾನು ಬೇಗ ಬೇಗ ಟೈಪ್ ಮಾಡಿದೆ. ಅವಳು ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದಳು.

‘ನಂಗೆ ಗೊತ್ತಿಲ್ದೆ ಅಂತ ಸರಿ ಬರ್ದಿದ್ದೀಯ. ಮಾಡಿದವನಿಗೆ ಗೊತ್ತಿತ್ತು ಅಂತ ಬರಿ.’

ನನ್ನ ಬೆರಳು ನಿಂತಿತು.

‘ಬರಿ ಮಾರಾಯ. ಪ್ರಮಾಣ ಮಾಡಿ ಹೇಳೋದು ತಾನೆ, ಸುಳ್ಳು ಇರಬಾರ್ದು. ಅವ್ನು ಮೊದ್ಲೇ ಬೆಂಗಳೂರಿಗೆ ಹೋಗಿ ವಾಪಸ್ ಬಂದಿದ್ದ. ಲ್ಯಾಮಿನೇಷನ್ ಮಾಡಿದ್ರೆ ಆಗಲ್ಲ ಅಂತ ಅವನಿಗೆ ಬರ್ದು ಕೊಟ್ಟಿದ್ರು. ಅದಾಗಿ ಎಂಟು ದಿನಕ್ಕೆ ನಂದನ್ನ ಮಾಡಿದ. ಇಷ್ಟೇ. ಹೆಸರು ಹಾಕು. ಪೂರ್ತಿ ಹೆಸರು.’

ಬೆಂಚಿನಲ್ಲಿದ್ದ ಬೆಳೆಗಾರರು, ‘ಯಾರಮ್ಮ ಅದು ಅಂಥ ಬೇವರ್ಸಿ?’ ಅಂತ ಕೇಳಿದರು. ಅವರಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ.

ಭಾಯ್ ಎದ್ದು ನನ್ನ ಪಕ್ಕ ಬಂದು ನಿಂತರು.

‘ಹೌದಾ?’ ಅಂತ ನನ್ನನ್ನು ಕೇಳಿದರು.

ನಾನು ಪರದೆಯನ್ನೇ ನೋಡುತ್ತಿದ್ದೆ.

‘ಏ, ಹೌದಾ ಅಂತ ಕೇಳಿದ್ದು.’

‘ಹೌದು ಭಾಯ್.’

‘ನಾನು ನಮಾಜಿಗೆ ಹೋದಾಗ?’

‘ಹೌದು.’

ಅವರು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಸುಲಭವಾಗುತ್ತಿತ್ತು. ‘ಅವ್ಳು ಹೇಳಿದ್ದನ್ನ ಹಾಗೇ ಟೈಪ್ ಮಾಡು. ಚೆಂದ ಮಾಡಿ ಬರಿ, ನಿಂಗೆ ಬರುತ್ತಲ್ಲ’ ಅಂದು ತಮ್ಮ ಕುರ್ಚಿಗೆ ಹೋಗಿ ಕೂತರು. ಬೆಳೆಗಾರರಿಗೆ ಆಗ ಅರ್ಥವಾಯಿತು. ಪಹಣಿ ಅರ್ಜಿಗೆಂದು ನನ್ನ ಮೇಜಿನ ಮೇಲಿಟ್ಟಿದ್ದ ಆಧಾರ್ ಕಾರ್ಡನ್ನು ಮೆಲ್ಲನೆ ಎತ್ತಿಕೊಂಡು ಜೇಬಿಗೆ ಹಾಕಿದರು.

ನಾನು ಬರೆದೆ. ಇಂಗ್ಲಿಷಿನಲ್ಲಿ ನಾನು ಅದುವರೆಗೆ ಬರೆದದ್ದರಲ್ಲಿ ಅದೇ ಅತಿ ಶುದ್ಧವಾದದ್ದು. ಬೇರೆಯವರ ಬಯೋಡೇಟಾದಲ್ಲಿ ಮಾಡಿದಂತೆ ಎರಡು ಸಾಲು ಜಾಸ್ತಿ ಸೇರಿಸಲು ಅಲ್ಲಿ ಜಾಗವಿರಲಿಲ್ಲ. ಯಾವ ದಿನ ಯಾವ ಕೌಂಟರು, ಯಾವ ದಿನ ಯಾವ ಮೆಷಿನ್ನು, ಯಾವ ಪೌಚು. ಅವಳು ಕನ್ನಡದಲ್ಲಿ ಹೇಳುತ್ತ ಹೋದಳು, ನಾನು ಇಂಗ್ಲಿಷ್ ಮಾಡುತ್ತ ಹೋದೆ, ಬೆಂಚಿನ ಮೇಲೆ ನಮ್ಮ ಪಾಠ ನಡೆಯುತ್ತಿದ್ದ ಹಾಗೆ. ಎರಡು ಕಡೆ ಅವಳು ನನ್ನನ್ನು ತಿದ್ದಿದಳು. ತಿದ್ದಿದ್ದು ಸರಿಯಾಗಿತ್ತು. ಪ್ರಿಂಟ್ ತೆಗೆದು ಕೊಟ್ಟಾಗ ಪೂರ್ತಿ ಓದಿ, ರಸ್ತೆ ದಾಟಿ ನೋಟರಿ ವಕೀಲರ ಹತ್ತಿರ ಹೋದಳು. ನೋಟರಿಗಳು ಸಾಮಾನ್ಯವಾಗಿ ಓದದೆಯೇ ಸೀಲು ಒತ್ತುತ್ತಾರೆ. ಇವರು ಓದಿರಬೇಕು. ಸಂಜೆ ಚಹಾ ಕುಡಿಯಲು ಹೋಗುವಾಗ ನಮ್ಮ ಅಂಗಡಿಯ ಮುಂದೆ ನಿಂತು ನನ್ನನ್ನು ಒಂದು ಸಲ ನೋಡಿ ಹೋದರು.

ತಿಂಗಳು ಮುಗಿಯಿತು. ಆ ಜಾಗ ಬೇರೆ ಯಾವುದೋ ಊರಿನ ಯಾರಿಗೋ ಹೋಯಿತು.

ಭಾಯ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನನ್ನ ಕಾಲೇಜಿನ ಫೀಸಿಗೆ ದಾರಿ ಮಾಡಿದ್ದು ಅವರೇ. ಆ ಸಂಬಂಧ ಅವರು ಮುರಿಯಲಿಲ್ಲ. ಆದರೆ ಒಂದು ಬದಲಾವಣೆ ಮಾಡಿದರು. ಯಾರಾದರೂ ಒರಿಜಿನಲ್ ಕಾಗದ ನನ್ನ ಕಡೆ ಚಾಚಿದರೆ ತಮ್ಮ ಕುರ್ಚಿಯಿಂದಲೇ, ‘ಅವನ ಕೈಗೆ ಕೊಡ್ಬೇಡಿ, ಇಲ್ಲಿ ತನ್ನಿ’ ಅನ್ನುತ್ತಾರೆ. ದಿನಕ್ಕೆ ಹತ್ತು ಹದಿನೈದು ಸಲ. ಹೊಸಬರು ಯಾಕೆ ಅಂತ ಕೇಳಿದರೆ, ‘ಅವನು ಇಂಗ್ಲಿಷ್ ಮೇಷ್ಟ್ರು, ಅವನಿಗೆ ಕಾಗದದ ಕೆಲ್ಸ ಬರಲ್ಲ’ ಅನ್ನುತ್ತಾರೆ. ನಗುವುದಿಲ್ಲ.

ನಾನೂ ಡೂಪ್ಲಿಕೇಟಿಗೆ ಅರ್ಜಿ ಹಾಕಿದ್ದೆ. ಅವಳದು ನಾಲ್ಕು ತಿಂಗಳಿಗೆ ಬಂತು, ನನ್ನದು ಅದಾಗಿ ಹತ್ತು ದಿನಕ್ಕೆ. ಅಷ್ಟರಲ್ಲಿ ವಿಯೆಟ್ನಾಂನಲ್ಲಿ ಮುಂದಿನ ಟರ್ಮಿಗೆ ಮೂರು ಜಾಗ ಕರೆದಿದ್ದರು. ಮೂರು. ಇಬ್ಬರಿಗೂ ಸಾಲುತ್ತಿತ್ತು. ನಾನು ಬೆಂಗಳೂರಿಗೆ ಹೋದೆ. ಅದೇ ಗುಮಾಸ್ತರು, ನನ್ನ ಗುರುತು ಸಿಕ್ಕಿದರೂ ಸಿಗದಂತೆ, ಹಿಂದುಗಡೆ ಸೀಲು ಒತ್ತಿದರು. ದಿಲ್ಲಿಯದ್ದೂ, ರಾಯಭಾರ ಕಚೇರಿಯದ್ದೂ ಆಯಿತು. ಎಲ್ಲ ಸ್ಕ್ಯಾನ್ ಮಾಡಿ ಮೇಡಂಗೆ ಕಳಿಸಿದೆ. ವಾರ ಕಳೆಯಿತು, ಉತ್ತರವಿಲ್ಲ. ಮತ್ತೆ ಕಳಿಸಿದೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಅವಳು ವೀಸಾ ಫೋಟೊ ತೆಗೆಸಲು ಬಂದಳು. ಬೇರೆ ಅಂಗಡಿಯಲ್ಲಿ ಬಿಳಿ ಪರದೆ ಇಲ್ಲ, ಅದಕ್ಕೇ ಬಂದದ್ದು. ನಾನು ಸ್ಟೂಲು ಹಾಕಿ, ಕೂದಲು ಕಿವಿಯ ಹಿಂದೆ ಹಾಕಿಕೋ ಅಂದೆ. ಹಾಕಿಕೊಂಡಳು. ಎರಡು ಸಲ ಕ್ಲಿಕ್ ಮಾಡಿದೆ.

‘ಹೊರಟ್ಯಾ?’ ಅಂತ ಕೇಳಿದೆ.

‘ಮುಂದಿನ ತಿಂಗ್ಳು.’

‘ನಾನೂ ಕಳ್ಸಿದೀನಿ. ಉತ್ತರ ಬಂದಿಲ್ಲ.’

‘ಬರಲ್ಲ’ ಅಂದಳು. ಸಿಟ್ಟಿನಲ್ಲಿ ಹೇಳಿದ್ದಲ್ಲ, ಬಸ್ಸಿನ ಹೊತ್ತು ಹೇಳಿದ ಹಾಗೆ. ‘ಡೂಪ್ಲಿಕೇಟ್ ಯಾಕೆ ಅಂತ ಮೇಡಂ ಕೇಳಿದ್ರು. ಅಫಿಡವಿಟ್ ಕಳಿಸ್ದೆ.’

ನಾನು ಫೋಟೊ ಕತ್ತರಿಸುತ್ತಿದ್ದೆ. ಕತ್ತರಿ ಓರೆಯಾಗದಂತೆ ನೋಡಿಕೊಂಡೆ.

‘ಓದಿ ಅವ್ರು ಒಂದೇ ಕೇಳಿದ್ದು. ಇದರ ಇಂಗ್ಲಿಷ್ ತುಂಬ ಚೆನ್ನಾಗಿದೆ, ಯಾರು ಬರೆದದ್ದು ಅಂತ.’

‘ನೀನು ಎಂತ ಹೇಳಿದೆ?’

‘ಇದರಲ್ಲಿ ಹೆಸರಿದೆಯಲ್ಲ, ಅವ್ನೇ ಬರೆದದ್ದು ಅಂದೆ.’

ಎಂಟು ಫೋಟೊಗಳನ್ನು ಸಣ್ಣ ಕವರಿಗೆ ಹಾಕಿ ಕೊಟ್ಟೆ. ಅವಳು ಅದರೊಳಗಿಂದ ಒಂದನ್ನು ತೆಗೆದು, ಅಂಚು ಸರಿಯಿದೆಯೇ ಅಂತ ಬೆಳಕಿಗೆ ಹಿಡಿದು ನೋಡಿ, ಭಾಯ್ ಹತ್ತಿರ ಹೋದಳು. ಅವರು ಎದ್ದು ನಿಂತು ಅವಳ ಜೊತೆ ಬಾಗಿಲ ತನಕ ಹೋದರು.